ನೂರ ನಲವತ್ತನಾಲ್ಕು ಬೆರಳು

ಶಶಿರೇಖಾಳ ಬೈಕಿಗೆ ಆ ಸೈಲೆನ್ಸರ್ ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರವರ ಬಾಯಿಂದ ಕೇಳುವಷ್ಟರಲ್ಲಿ ಪಾಂಡು ಬೇಕಂತಲೇ ಹಾಕಿದ ಅನ್ನುವವರೆಗೂ ಮಾತು ಬೆಳೆದಿರುತ್ತದೆ. ಇಪ್ಪತ್ತಾರು ವರ್ಷದಿಂದ ಇಲ್ಲಿ ಗ್ಯಾರೇಜು ನಡೆಸುತ್ತಿದ್ದೇನೆ. ನನ್ನ ಕೈಯಿಂದ ಹೋದ ಒಂದು ಗಾಡಿಯೂ ಯಾರ ಮನೆಯನ್ನೂ ಕದಲಿಸಿರಲಿಲ್ಲ. ಆ ಜಂಬವೇ ನನ್ನನ್ನು ಕೆಡಿಸಿದ್ದು.

ನಮ್ಮೂರಿನ ಮನೆಗಳಿಗೆ ಬೆಚ್ಚಿಬೀಳುವ ಸ್ವಭಾವ. ಡೋಲು, ಗಂಟೆ, ಮೈಕು, ಹಿಟ್ಟಿನ ಗಿರಣಿ, ಇವಕ್ಕೆಲ್ಲ ಅವು ಕ್ಯಾರೇ ಅನ್ನುವುದಿಲ್ಲ. ಆದರೆ ಹೇಳದೆ ಕೇಳದೆ ಠಪ್ ಅಂತ ಒಂದು ಶಬ್ದ ಬಂತೋ, ಅದು ಯಾವ ಮನೆಗೆ ತಾಗಿತೋ ಆ ಮನೆ ಒಂದು ಬೆರಳು ಹಿಂದಕ್ಕೆ ಸರಿಯುತ್ತದೆ. ಒಳಗಿದ್ದವರ ಲೋಟದ ನೀರೂ ಅಲುಗುವುದಿಲ್ಲ. ಗುಡುಗಿಗೆ ಏನೂ ಆಗುವುದಿಲ್ಲ. ಅದು ಮೇಲಿಂದ ಬರುವಂಥದ್ದು, ಮನೆಗೆ ಹೋಗಲು ದಿಕ್ಕೆಲ್ಲಿದೆ? ಹಾಗಾಗಿ ನಾವು ತೆಂಗಿನಕಾಯಿಯನ್ನು ಗೋಣಿಚೀಲದೊಳಗಿಟ್ಟು ಒಡೆಯುತ್ತೇವೆ. ಬಾಗಿಲುಗಳ ಅಂಚಿಗೆ ಹಳೇ ಟ್ಯೂಬಿನ ಪಟ್ಟಿ ಬಡಿದಿರುತ್ತೇವೆ. ನಲ್ಲಿಗೆಲ್ಲ ರಬ್ಬರ್ ಪೈಪು, ಕರೆಂಟಿನ ತಂತಿಯನ್ನು ಎರಡು ಸುತ್ತು ಹೆಚ್ಚಿಗೆ ಬಿಟ್ಟಿರುತ್ತೇವೆ. ಪಟಾಕಿ ಮಾತ್ರ ಕೂಡದು. ಪಟಾಕಿಯ ಏಟಿಗೆ ಮನೆ ಎಷ್ಟು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳುವ ಹಾಗಿಲ್ಲ. ನಾನು ಚಿಕ್ಕವನಿದ್ದಾಗ ಪರವೂರಿನ ದಿಬ್ಬಣದವರು ಒಂದು ಸರ ಹಚ್ಚಿ, ನಮ್ಮ ಶಾಲೆ ರಸ್ತೆ ದಾಟಿ ಆಚೆ ಹೋಗಿ ಕೂತಿತು. ಮಕ್ಕಳಿಗೆ ಹತ್ತಿರವಾಯಿತು ಅಂತ ಹಾಗೇ ಬಿಟ್ಟೆವು. ಸರಿದ ಮನೆಯನ್ನು ಹಾಗೇ ಬಿಡುವುದೇ ನಮ್ಮಲ್ಲಿನ ಪದ್ಧತಿ. ಬೇಕಂತ ಒಂದು ಮನೆಯನ್ನು ಬೆಚ್ಚಿಸುವುದೆಂದರೆ ಮಲಗಿದ ಮಗುವಿನ ಕಿವಿಯಲ್ಲಿ ಕಿರುಚಿದ ಹಾಗೆ, ಅಂಥದ್ದನ್ನು ಯಾರೂ ಮಾಡಿರಲಿಲ್ಲ.

ಶಶಿರೇಖಾ ಊರಿಗೆ ಅಂಚೆ ಹಂಚುವವಳು. ಅವಳದು ಸೋದರಮಾವನಿಂದ ಬಂದ ಹಳೇ ಬೈಕು. ಅದರ ಸೈಲೆನ್ಸರ್ ತುಕ್ಕು ಹಿಡಿದು ಜರಡಿಯಾಗಿತ್ತು. ಒರಿಜಿನಲ್ ಸಾಮಾನು ಬರುವುದು ನಿಂತು ಎಂಟು ವರ್ಷವಾಗಿದೆ. ಪೇಟೆಗೆ ಹೋಗಿ ಬೇರೆ ಯಾರೋ ಮಾಡಿದ್ದನ್ನು ತಂದೆ. ಹೊಳೆಯುತ್ತಿತ್ತು, ಹಗುರವಾಗಿತ್ತು, ಬೆಳ್ಳಿಯ ಹೂಜಿ ನೋಡಿದ ಹಾಗಿತ್ತು. ಕೂರಿಸಿದ ಮೇಲೆ ಪದ್ಧತಿಯ ಪ್ರಕಾರ ಊರಾಚೆಯ ಕಲ್ಲುಗಣಿಗೆ ಒಯ್ದೆ. ಅಲ್ಲಿ ಸುತ್ತ ಒಂದು ಮನೆಯೂ ಇಲ್ಲ, ಹೊಸ ಗಾಡಿಯ ಶಬ್ದ ನೋಡುವುದು ಅಲ್ಲೇ. ರೇಸ್ ಕೊಟ್ಟೆ, ಇನ್ನಷ್ಟು ಕೊಟ್ಟೆ. ತಂಬೂರಿ ಮೀಟಿದ ಹಾಗೆ ಗುಂಯ್ ಅಂದಿತು. ಖುಷಿಯಾಗಿ ವಾಪಸು ತಂದುಕೊಟ್ಟೆ. ರೇಸ್ ಕೊಟ್ಟಾಗ ಕೇಳಿದೆ, ಬಿಟ್ಟಾಗ ಏನಾಗುತ್ತದೆ ಅಂತ ಕೇಳಲಿಲ್ಲ. ನಮ್ಮೂರಿನಲ್ಲಿ ಶಬ್ದವೆಂದರೆ ಕೊಟ್ಟಾಗ ಬರುವಂಥದ್ದು ಎಂದೇ ಎಲ್ಲರ ಎಣಿಕೆ, ನನ್ನದೂ ಅದೇ.

ಮರುದಿನ ಅವಳು ಗ್ಯಾರೇಜಿನ ಮುಂದೆ ನಿಂತಳು. ನಾನು ಒಂದು ಸ್ಕೂಟರಿನ ಹೊಟ್ಟೆಯೊಳಗೆ ಮೊಣಕೈವರೆಗೂ ಇಳಿದಿದ್ದೆ.

"ಪಾಂಡಣ್ಣ, ಸರ್ವೆ ಮನೆ ತಿರುವಲ್ಲಿ ರೇಸ್ ಬಿಟ್ಟಾಗ ಹಿಂದೆ ಏನೋ ಠಪ್ ಠಪ್ ಅನ್ನುತ್ತೆ."

"ಹೊಸ ಸಾಮಾನು ಕಣಮ್ಮ. ನಾಲ್ಕು ದಿನ ಓಡಿದ್ರೆ ಹೊಂದ್ಕೊಳ್ಳುತ್ತೆ."

"ಮನೆ ಗಿನೆ ಬೆಚ್ಚಿದ್ರೆ?"

"ಅಷ್ಟು ಸಣ್ಣ ಶಬ್ದಕ್ಕೆ ಮಹಡಿ ಮನೆ ಬೆಚ್ಚುತ್ತಾ? ಹೋಗು, ಕಾಗದ ಹಂಚು."

ಹೊಂದಿಕೊಳ್ಳುತ್ತದೆ ಅನ್ನುವ ಮಾತನ್ನು ನಾವು ಮೆಕ್ಯಾನಿಕ್‌ಗಳು ದಿನಕ್ಕೆ ಹತ್ತು ಸಲ ಆಡುತ್ತೇವೆ. ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ ಅಂದ ಹಾಗೆ. ಅವಳು ನನ್ನನ್ನು ನಂಬಿ ಹೊರಟುಹೋದಳು.

ಸರ್ವೆ ಮನೆಯೆಂದರೆ ವೀರಭದ್ರಯ್ಯನವರ ಮನೆ. ಅವರು ಜಮೀನು ಅಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಗಳೇ ಓಡಾಡುವ ಊರಿನಲ್ಲಿ ಸರ್ವೆಯವರಾಗಿ ಮೂವತ್ತು ವರ್ಷ ಕಳೆದ ಮನುಷ್ಯ, ಸ್ವಲ್ಪ ಸಿಡುಕು ಇರುವುದು ಸಹಜವೇ. ಅವರು ಊರಿನಲ್ಲಿದ್ದಿದ್ದರೆ ಮೊದಲ ದಿನವೇ ಟೇಪು ಹಿಡಿದು ನನ್ನ ಮೇಲೆ ಬರುತ್ತಿದ್ದರು. ಆದರೆ ಗಂಡಹೆಂಡತಿ ಇಬ್ಬರೂ ಮಗಳ ಬಾಣಂತನಕ್ಕೆ ಹೋಗಿದ್ದರು, ಮನೆಗೆ ಬೀಗ. ಆ ಮನೆಯ ಮುಂದೆ, ಅಂದರೆ ಪೂರ್ವಕ್ಕೆ, ರಸ್ತೆಯ ತಿರುವು. ಹಿಂದೆ ಎಂಟು ಮೊಳದ ಒಂದು ಓಣಿ. ಓಣಿಯ ಆಚೆ ಭಾಗೀರಥಕ್ಕನ ಅಂಗಳ.

ಹದಿನೈದನೆಯ ದಿನ ಭಾಗೀರಥಕ್ಕ ಗ್ಯಾರೇಜಿಗೆ ಬಂದಳು. ಅವಳು ಯಾರ ಬಾಗಿಲಿಗೂ ಸುಮ್ಮನೆ ಬರುವವಳಲ್ಲ. ಮೂವತ್ತು ವರ್ಷದಿಂದ ಅಕ್ಕಿ ಹಪ್ಪಳ, ಸಂಡಿಗೆ ಮಾಡಿ ಬದುಕಿದವಳು. ಅವಳ ಜೊತೆ ಎಂಟು ಜನ ಹೆಂಗಸರು ಒತ್ತುತ್ತಾರೆ, ಅವರ ಮನೆಗಳ ಒಲೆಯೂ ಅದರಿಂದಲೇ ಉರಿಯುತ್ತದೆ. ಸೆರಗಿನಿಂದ ಒಂದು ಹಪ್ಪಳ ತೆಗೆದು ನನ್ನ ಗ್ರೀಸಿನ ಕೈಗೆ ಕೊಟ್ಟಳು.

"ಮುರಿ" ಅಂದಳು.

ಬಾಗಿಸಿದೆ. ಬಾಗಿತು. ಇನ್ನೂ ಬಾಗಿಸಿದೆ. ಎರಡು ಅಂಚೂ ಒಂದಕ್ಕೊಂದು ತಾಗಿದವು, ಮುರಿಯಲಿಲ್ಲ. ಬೂಷ್ಟಿನ ವಾಸನೆ ಸಣ್ಣಗೆ ಮೂಗಿಗೆ ಬಂತು.

"ನನ್ ಅಂಗಳಕ್ಕೆ ಒಂಬತ್ತು ಗಂಟೆಗೆಲ್ಲ ಬಿಸಿಲು ಬೀಳ್ತಿತ್ತು. ಮಧ್ಯಾಹ್ನ ಎರಡರ ತನಕ ಇರ್ತಿತ್ತು. ಈಗ ಹನ್ನೊಂದೂವರೆ ಆದ್ರೂ ಸರ್ವೆ ಮನೆ ನೆರಳು ಹೋಗಲ್ಲ. ಮೊದಲು ನನಗೇ ಕಣ್ಣು ಮಂಜಾಯ್ತು ಅಂದ್ಕೊಂಡೆ. ನಿನ್ನೆ ಮೊರ ಹಿಡ್ಕೊಂಡು ಓಣಿಗೆ ಹೋದೆ, ಮೊರ ಗೋಡೆಗೆ ತಗಲ್ತು. ಎಂಟು ಮೊಳದ ಓಣಿ ಪಾಂಡು ಅದು. ಈಗ ಎರಡು ಮೊಳ ಐತೆ."

ನನಗೆ ಕೂಡಲೇ ಅರ್ಥವಾಯಿತು. ದಿನಕ್ಕೆ ಹೋಗುತ್ತಾ ಐದು, ಬರುತ್ತಾ ಐದು ಠಪ್ ಅಂದರೂ ಸಾಕು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಸುಳ್ಳು ಹೇಳುವ ಮನಸ್ಸೂ ಒಂದು ಕ್ಷಣ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಹಪ್ಪಳ ಇನ್ನೂ ಕೈಯಲ್ಲೇ ಇತ್ತು.

"ಅಕ್ಕ, ಅದು ನನ್ನಿಂದ ಆದದ್ದು" ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಮಳೆಗೆ ಇನ್ನು ಇಪ್ಪತ್ತು ದಿನ. ಅಷ್ಟರಲ್ಲಿ ವರ್ಷದ ಹಪ್ಪಳ ಒಣಗ್ಬೇಕು. ಒಣಗ್ಲಿಲ್ಲ ಅಂದ್ರೆ ಒತ್ತೋ ಮಣೆ ಎಲ್ಲ ಅವರವರಿಗೆ ಹಂಚ್ಬಿಟ್ಟು ತಮ್ಮನ ಊರಿಗೆ ಹೋಗ್ತೀನಿ" ಅಂದಳು. ಸುಮ್ಮನೆ, ನಾಳೆ ಸಂತೆಗೆ ಹೋಗ್ತೀನಿ ಅನ್ನುವ ದನಿಯಲ್ಲಿ ಹೇಳಿದಳು.

ಆವತ್ತೇ ಬೈಕನ್ನು ತರಿಸಿ ರಿಪೇರಿಗೆ ಹಿಡಿದೆ. ಶಶಿರೇಖಾ ಸೈಕಲ್ಲಿನಲ್ಲಿ ಕಾಗದ ಹಂಚಿದಳು, ಏದುಸಿರು ಬಿಡುತ್ತಾ ದಿನಕ್ಕೆರಡು ಸಲ ಬಂದು, "ಹೊಂದ್ಕೊಂಡಿತಾ ಅಣ್ಣ?" ಅಂತ ಕೇಳಿ ಹೋಗುತ್ತಿದ್ದಳು. ಪಾಪದ ಹುಡುಗಿ ಅಂತ ಇಷ್ಟು ದಿನ ತಿಳಿದಿದ್ದೆ. ಮೊದಲ ದಿನ ನಾನು ಮಾಡಿದ್ದು ದಡ್ಡ ಕೆಲಸ. ಶಬ್ದ ಸೈಲೆನ್ಸರಿನಿಂದ ಬರುತ್ತದೆ, ಸೈಲೆನ್ಸರಿನ ಬಾಯಿ ಮುಚ್ಚಿದರಾಯಿತು ಅಂತ ತೆಂಗಿನ ನಾರು ತುರುಕಿದೆ. ಗಣಿಯಲ್ಲಿ ರೇಸ್ ಕೊಟ್ಟು ಬಿಟ್ಟೆ. ನಾರೆಲ್ಲ ಬೆಂಕಿ ಹತ್ತಿಕೊಂಡು ಹಾರಿ ಹೋಯಿತು, ನನ್ನ ಎಡಗಾಲಿನ ರೋಮವೂ ಹೋಯಿತು.

ಎರಡನೆಯ ದಿನ ತಲೆ ಸ್ಥಿಮಿತಕ್ಕೆ ಬಂತು. ಹೊಸ ಸೈಲೆನ್ಸರಿನಲ್ಲಿ ಹೊಗೆ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚಿಸಬೇಕಿತ್ತು, ನಾನು ಹಳೆಯ ಲೆಕ್ಕದಲ್ಲೇ ಬಿಟ್ಟಿದ್ದೆ. ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆಯಾಗಿ ರೇಸ್ ಬಿಟ್ಟಾಗ ಅರ್ಧಂಬರ್ಧ ಉರಿದದ್ದು ಪೈಪಿಗೆ ಬರುತ್ತಿತ್ತು. ಪೈಪು ಎಂಜಿನ್ನಿಗೆ ಸೇರುವ ಜಾಗದಲ್ಲಿ ಹಳೇ ಗ್ಯಾಸ್ಕೆಟ್ಟನ್ನೇ ಹಾಕಿದ್ದೆ, ಅದು ಹೊಸ ಪೈಪಿಗೆ ಸರಿಯಾಗಿ ಕೂತಿರಲಿಲ್ಲ. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿ ಸಿಕ್ಕ ಕೂಡಲೇ ಉಳಿದ ಪೆಟ್ರೋಲು ಪೈಪಿನೊಳಗೇ ಠಪ್ ಅಂತ ಹತ್ತಿಕೊಳ್ಳುತ್ತಿತ್ತು. ಅಷ್ಟೇ. ಹೊಸ ಗ್ಯಾಸ್ಕೆಟ್ಟು ಹಾಕಿದೆ, ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ಜೆಟ್ಟನ್ನು ಒಂದು ಸೈಜು ದೊಡ್ಡದು ಹಾಕಿದೆ, ಗಾಳಿಯ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ಅಂತ ತಿರುಗಿಸುತ್ತಾ ಕೂತೆ. ಮೂರನೆಯ ದಿನ ಗಣಿಯ ಇಳಿಜಾರಿನಲ್ಲಿ ಪೂರ್ತಿ ರೇಸ್ ಕೊಟ್ಟು ಒಮ್ಮೆಲೇ ಬಿಟ್ಟೆ. ಬೆಕ್ಕು ಮಲಗಿದ ಹಾಗೆ ಸುಮ್ಮನಾಯಿತು. ನಾನು ಕುಣಿಯುವುದೊಂದು ಬಾಕಿ.

ನೇರ ಭಾಗೀರಥಕ್ಕನ ಅಂಗಳಕ್ಕೆ ಹೋಗಿ, ಅವಳ ಮುಂದೆ ಹತ್ತು ಸಲ ರೇಸ್ ಕೊಟ್ಟು ಬಿಟ್ಟು ತೋರಿಸಿದೆ. "ಒಂದಾದ್ರೂ ಠಪ್ ಅಂತಾ ನೋಡಕ್ಕ."

"ಸರಿ ಸುಮ್ಮನಾಯ್ತು. ನನ್ ಬಿಸಿಲು?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗಾಡಿ ಸರಿಹೋದರೆ ಎಲ್ಲ ಸರಿಹೋದ ಹಾಗೆ ಅನ್ನುವುದು ನಮ್ಮ ಕಸುಬಿನ ರೋಗ. ಹೋದ ಮನೆ ಹೋದ ಹಾಗೆ ಅಲ್ಲವೇ ಅಕ್ಕ, ಊರಿನ ಪದ್ಧತಿ ಅಲ್ಲವೇ ಅಂತ ಏನೋ ತೊದಲಿದೆ.

"ಆ ಕಡೆಯಿಂದ ಬೆಚ್ಚಿಸಿದ್ರೆ ಈ ಕಡೆ ಬಂತು. ಈ ಕಡೆಯಿಂದ ಬೆಚ್ಚಿಸಿದ್ರೆ ಆ ಕಡೆ ಹೋಗಲ್ವಾ?"

ಇಷ್ಟು ಸರಳವಾದ ಮಾತನ್ನು ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯನ್ನು ಬೇಕಂತ ಬೆಚ್ಚಿಸುವುದೇ? ಅದೂ ವೀರಭದ್ರಯ್ಯನವರ ಮನೆಯನ್ನು? ಮನೆಯ ಯಜಮಾನನನ್ನು ಕೇಳದೆ ಮಾಡುವ ಕೆಲಸವಂತೂ ಅಲ್ಲ. ಕಾಗದ ಬರೆಯೋಣ ಅಂತ ಶಶಿರೇಖಾಳನ್ನು ಕರೆಸಿದೆವು. ಕಾಗದ ಹೋಗುವ ಮೊದಲೇ, ಎರಡು ದಿನದಲ್ಲಿ ವೀರಭದ್ರಯ್ಯನವರೇ ಬಂದಿಳಿದರು.

ಬಂದವರು ಬೀಗವನ್ನೂ ತೆಗೆಯಲಿಲ್ಲ, ಗುರುತುಕಲ್ಲಿನ ಹತ್ತಿರ ಟೇಪು ಬಿಚ್ಚಿದರು. ನಮ್ಮಲ್ಲಿ ಪ್ರತಿ ಮನೆಯ ಮೂಲೆಗೂ ಒಂದು ಗುರುತುಕಲ್ಲು ನೆಟ್ಟಿರುತ್ತಾರೆ, ಮನೆ ಎಷ್ಟು ಸರಿಯಿತು ಅಂತ ಗೊತ್ತಾಗಲಿಕ್ಕೆ. ಟೇಪಿನಲ್ಲಿ ಅಳೆದು, ಆಮೇಲೆ ನಂಬಿಕೆ ಸಾಲದೆ ಬೆರಳಿನಲ್ಲೂ ಅಳೆದರು. "ನೂರ ನಲವತ್ತನಾಲ್ಕು" ಅಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಆದರೆ ಅವರ ಮುಖದಲ್ಲಿ ಸಿಡುಕು ಕಾಣಲಿಲ್ಲ. ಮನೆ ಹಿಂದಕ್ಕೆ ಹೋಗಿದ್ದರಿಂದ ಮುಂದೆ ಆರು ಮೊಳ ಜಾಗ ಬಿಟ್ಟಿತ್ತು. ಅವರ ಹೆಂಡತಿ ಶಿವಗಂಗಮ್ಮ ಆಗಲೇ ಅಲ್ಲಿ ಎಲ್ಲಿ ಮಲ್ಲಿಗೆ, ಎಲ್ಲಿ ದಾಸವಾಳ ಅಂತ ಕಾಲಿನಿಂದ ಗೆರೆ ಎಳೆಯುತ್ತಿದ್ದರು.

"ಪಾಂಡು, ನೀನು ಮಾಡಿದ್ದು ತಪ್ಪೇ. ಆದ್ರೆ ಕೆಟ್ಟದ್ದೇನೂ ಆಗಿಲ್ಲ ಬಿಡು" ಅಂದರು ವೀರಭದ್ರಯ್ಯ.

ನಾನು ಭಾಗೀರಥಕ್ಕನ ವಿಷಯ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. ಮನೆಯನ್ನು ಬೆಚ್ಚಿಸಿ ವಾಪಸು ಓಡಿಸುವುದು ಎಲ್ಲಾದರೂ ಉಂಟೇ, ಒಂದು ಅಂಗಳದ ನೆರಳಿಗೆ ಒಂದು ಮನೆ ಅಲುಗಬೇಕೇ, ಹಾಗಾದರೆ ನಾಳೆ ಒಬ್ಬೊಬ್ಬರೂ ಬಂದು ನಿಮ್ಮ ಮನೆ ಅತ್ತ ಇಡಿ ಇತ್ತ ಇಡಿ ಅನ್ನುವುದಿಲ್ಲವೇ ಅಂದರು. ಮಾತು ನ್ಯಾಯವಾಗಿತ್ತು, ಅದೇ ತೊಂದರೆ. ನನ್ನ ಹಿಂದೆ ನಿಂತಿದ್ದ ಭಾಗೀರಥಕ್ಕ ಮಾತ್ರ, "ನಾಳೆ ಒಂಬತ್ತಕ್ಕೆ ನಮ್ಮ ಅಂಗಳಕ್ಕೆ ಬನ್ನಿ ಸ್ವಾಮಿ. ಅಳೆಯೋರು ನೀವು, ಬಂದು ಅಳೀರಿ" ಅಂದಳು.

ಬಂದರು. ಅಳತೆ ಅಂದರೆ ಆ ಮನುಷ್ಯನಿಗೆ ಇಲ್ಲ ಅನ್ನಲಾಗುವುದಿಲ್ಲ. ಅಂಗಳದಲ್ಲಿ ಚಾಪೆಗಳ ಮೇಲೆ ಹಸಿ ಸಂಡಿಗೆ ಇಟ್ಟು ಎಂಟೂ ಹೆಂಗಸರು ಗೋಡೆಗೊರಗಿ ಕೂತಿದ್ದರು. ವೀರಭದ್ರಯ್ಯ ಮಣೆ ಹಾಕಿಸಿಕೊಂಡು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಒಂಬತ್ತಾಯಿತು. ಹತ್ತಾಯಿತು. ಅವರ ಮಹಡಿಯ ನೆರಳು ಸಂಡಿಗೆಯ ಮೇಲೆ ಹಾಗೇ ಬಿದ್ದಿತ್ತು. ಹೆಂಗಸರು ಸುಮ್ಮನೆ ಕೈಕಟ್ಟಿ ಅವರ ಕಡೆ ನೋಡುತ್ತಿದ್ದರು. ಹನ್ನೊಂದಕ್ಕೆ ಅವರು ಒಂದು ಸಂಡಿಗೆ ಮುಟ್ಟಿ ನೋಡಿದರು, ಬೆರಳಿಗೆ ಅಂಟಿತು. ಪಂಚೆಗೆ ಒರೆಸಿಕೊಂಡರು. ಹನ್ನೊಂದೂವರೆಗೆ ಮೊದಲ ಚಾಪೆಯ ಅಂಚಿಗೆ ಬಿಸಿಲು ತಾಗಿದಾಗ ಗಡಿಯಾರ ಕಟ್ಟಿಕೊಂಡು ಎದ್ದರು.

"ನೂರ ನಲವತ್ತನಾಲ್ಕು" ಅಂದರು ನನ್ನ ಕಡೆ ತಿರುಗಿ. "ಒಂದು ಕಡಿಮೆ ಬೇಡ, ಒಂದು ಜಾಸ್ತಿ ಬೇಡ. ನಾನು ಒಳಗೆ ಕೂತಿರ್ತೀನಿ."

ಶಿವಗಂಗಮ್ಮ ಗಂಡನ ಮೇಲೆ ಮೂರು ದಿನ ಮುನಿಸಿಕೊಂಡಿದ್ದರು ಅಂತ ಆಮೇಲೆ ಕೇಳಿದೆ. ಮಲ್ಲಿಗೆ ಬಳ್ಳಿಯನ್ನು ಕುಂಡಕ್ಕೆ ಹಾಕಿಸಿ ಸಮಾಧಾನ ಮಾಡಿದರಂತೆ.

ಈಗ ನನ್ನ ಫಜೀತಿ ಶುರುವಾಯಿತು. ಮೂರು ದಿನ ಬೆವರು ಸುರಿಸಿ ಗುಣ ಮಾಡಿದ ರೋಗವನ್ನು ವಾಪಸು ತರಿಸಬೇಕು. ಪಟಾಕಿ ಆಗುವುದಿಲ್ಲ, ಎಣಿಸಿ ಒಂದೊಂದೇ ಬೆರಳು ಸರಿಸಬೇಕಾದರೆ ಆ ಬೈಕಿನ ಠಪ್ ಒಂದೇ ದಾರಿ. ಹೊಸ ಗ್ಯಾಸ್ಕೆಟ್ಟು ಬಿಚ್ಚಿ ಹಳೆಯದನ್ನು ಕಸದಿಂದ ಹುಡುಕಿ ಹಾಕಿದೆ, ಸಣ್ಣ ಜೆಟ್ಟು ಹಾಕಿದೆ, ಪೈಪಿನ ನಟ್ಟುಗಳನ್ನು ಒಂದೂವರೆ ಸುತ್ತು ಸಡಿಲಿಸಿದೆ. ಗಣಿಯಲ್ಲಿ ರೇಸ್ ಕೊಟ್ಟು ಬಿಟ್ಟೆ. ಗಾಡಿ ಸಂಭಾವಿತನ ಹಾಗೆ ಮೌನವಾಗಿತ್ತು. ಮಾಡಬೇಡ ಅಂದಾಗ ಮಾಡುವುದು, ಮಾಡು ಅಂದಾಗ ಬಾಯಿ ಮುಚ್ಚುವುದು. ಸಾಯಂಕಾಲದವರೆಗೆ ಅದಕ್ಕೆ ಬೈಯದ ಬೈಗುಳ ಇಲ್ಲ. ಕೊನೆಗೆ ಗಾಳಿಯ ಸ್ಕ್ರೂ ನೆನಪಾಯಿತು. ಅದನ್ನು ಒಳ್ಳೆಯ ಜಾಗದಲ್ಲೇ ಬಿಟ್ಟಿದ್ದೆ. ಅರ್ಧ ಸುತ್ತು ಕೆಡಿಸಿದೆ. ಠಪ್ ಅಂದಿತು. ನಾನು ಒಬ್ಬನೇ ಗಣಿಯಲ್ಲಿ ನಿಂತು ಚಪ್ಪಾಳೆ ಹೊಡೆದೆ.

ಭಾನುವಾರ ಬೆಳಗ್ಗೆ ಕೆಲಸ. ಬೈಕನ್ನು ತಳ್ಳಿಕೊಂಡೇ ಹೋಗಿ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಅದರ ಬಾಲವನ್ನು ಸರ್ವೆ ಮನೆಯ ಕಡೆ ತಿರುಗಿಸಿದೆವು. ಊರು ಊರೇ ಬಂದಿತ್ತು. ಮಾಡಬಾರದ್ದನ್ನು ನೋಡಲು ಬಂದವರ ಹಾಗೆ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ವೀರಭದ್ರಯ್ಯ ಒಳಗೆ ಹೋಗಿ ಹಿತ್ತಲ ಬಾಗಿಲು ತೆರೆದಿಟ್ಟುಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಶಶಿರೇಖಾ ಎಣಿಸಲು ನೂರ ನಲವತ್ತನಾಲ್ಕು ಹುಣಸೆ ಬೀಜ ತಂದಿದ್ದಳು. ನಾನು ರೇಸ್ ಕೊಟ್ಟೆ, ಬಿಟ್ಟೆ. ಠಪ್. ಯಾರೋ ಉಸಿರು ಎಳೆದುಕೊಂಡದ್ದು ಕೇಳಿತು. ಮನೆ ಮೆಲ್ಲಗೆ, ಯಾರಿಗೋ ದಾರಿ ಬಿಟ್ಟ ಹಾಗೆ, ಒಂದು ಬೆರಳು ಆಚೆ ಹೋಯಿತು. ಶಶಿರೇಖಾ ಒಂದು ಬೀಜ ಬಟ್ಟಲಿಗೆ ಹಾಕಿದಳು.

ಇಪ್ಪತ್ತರ ಹೊತ್ತಿಗೆ ಜನಕ್ಕೆ ಧೈರ್ಯ ಬಂತು. ಐವತ್ತರ ಹೊತ್ತಿಗೆ ಯಾರೋ ಚಹಾ ತಂದರು. ಒಮ್ಮೊಮ್ಮೆ ಗಾಡಿ ಕೈಕೊಡುತ್ತಿತ್ತು, ಒಮ್ಮೊಮ್ಮೆ ಎಂಜಿನ್ ಕಾದು ಕೆಂಪಾಗಿ, ಆರುವವರೆಗೆ ಎಲ್ಲರೂ ಬೀಸಣಿಗೆ ಹಿಡಿದು ಅದಕ್ಕೇ ಗಾಳಿ ಹಾಕುತ್ತಿದ್ದರು. "ಸರಿಯಾಗಿ ಎಣಿಸಮ್ಮ" ಅಂತ ವೀರಭದ್ರಯ್ಯ ಒಳಗಿಂದಲೇ ಕೂಗುತ್ತಿದ್ದರು, ಪ್ರತಿ ಸಲವೂ ಸ್ವಲ್ಪ ದೂರದಿಂದ. ನೂರ ನಲವತ್ತನಾಲ್ಕನೆಯ ಬೀಜ ಬಿದ್ದಾಗ ಮಧ್ಯಾಹ್ನ ಎರಡರ ಹತ್ತಿರ. ಅವರೇ ಹೊರಬಂದು ಗುರುತುಕಲ್ಲು ನೋಡಿ, ಬಗ್ಗಿ, ಬೆರಳಿಟ್ಟು, ತಲೆಯಾಡಿಸಿದರು. ಓಣಿ ಎಂಟು ಮೊಳವಾಗಿತ್ತು. ನನಗೆ ಅಳು ಬರುವುದೊಂದು ಬಾಕಿ, ಅಷ್ಟು ನಿರಾಳವಾಯಿತು. ಕೈ ಒರೆಸಿಕೊಂಡು ಬೈಕು ಆರಿಸಲು ಹೋದೆ.

"ಆರಿಸಬೇಡ" ಅಂದಳು ಭಾಗೀರಥಕ್ಕ.

ಅವಳು ಅಂಗಳದ ನಡುವೆ ನಿಂತು ಕೆಳಗೆ ನೋಡುತ್ತಿದ್ದಳು. ಪಶ್ಚಿಮದ ಕಡೆಯ ಚಾಪೆಯ ಅಂಚಿಗೆ ನೆರಳು ಹತ್ತಿತ್ತು. ಈ ಸಲ ಅದು ಅವಳದೇ ಮನೆಯ ನೆರಳು.

"ದಿನಾ ಎರಡಕ್ಕೆ ಬರುತ್ತೆ ಇದು. ಮೂವತ್ತು ವರ್ಷ ಆಯ್ತು, ಎರಡಾಯ್ತು ಅಂದ್ರೆ ಚಾಪೆ ಎಳ್ಕೊಂಡು ಎಳ್ಕೊಂಡು ಆ ಮೂಲೆಗೆ ಓಡ್ತೀನಿ. ನನ್ನ ಸೊಂಟ ಹೋಗಿದ್ದೇ ಇದರಿಂದ. ಗಾಡಿ ತಿರುಗ್ಸು."

"ಅಕ್ಕ, ನಿನ್ ಮನೆ ಅದು."

"ಗೊತ್ತು, ನಂದೇ. ಹಿಂದೆ ಎಕ್ಕದ ಗಿಡ ಬಿಟ್ರೆ ಯಾರಿದ್ದಾರೆ? ತಿರುಗ್ಸು."

ನಾನು ಊರವರ ಕಡೆ ನೋಡಿದೆ. ಯಾರೂ ಬೇಡ ಅನ್ನಲಿಲ್ಲ. ವೀರಭದ್ರಯ್ಯ ಬಂದು ಬೈಕಿನ ಹಿಂಬದಿ ಹಿಡಿದು ನನ್ನ ಜೊತೆ ಎತ್ತಿ ತಿರುಗಿಸಿದರು. ಭಾಗೀರಥಕ್ಕ ಹೋಗಿ ತನ್ನ ಮನೆಯ ಹೊಸ್ತಿಲಿನ ಒಳಗೆ, ಅಂಗಳಕ್ಕೆ ಮುಖ ಮಾಡಿ, ಕಾಲು ಮಡಚಿ ಕೂತಳು. ಬೆಳಗಿನಿಂದ ಮೊದಲ ಸಲ ಅವಳು ಕೂತದ್ದು.

"ಎಷ್ಟು ಬೆರಳು ಅಕ್ಕ?" ಅಂದೆ.

"ನೀನು ಮಾಡ್ತಾ ಇರು. ಸಾಕು ಅಂತ ನಾನು ಹೇಳ್ತೀನಿ."

ರೇಸ್ ಕೊಟ್ಟೆ, ಬಿಟ್ಟೆ. ಅವಳನ್ನು ಕೂರಿಸಿಕೊಂಡ ಹಾಗೇ ಮನೆ ಒಂದು ಬೆರಳು ಹಿಂದೆ ಹೋಯಿತು. ನೆರಳು ಚಾಪೆಯಿಂದ ಕೆಳಗಿಳಿಯಿತು. ಶಶಿರೇಖಾ ಬಟ್ಟಲಿನ ಬೀಜಗಳನ್ನು ಮತ್ತೆ ಮಡಿಲಿಗೆ ಸುರಿದುಕೊಂಡಳು. ಹನ್ನೆರಡಾಯಿತು, ಇಪ್ಪತ್ತನಾಲ್ಕಾಯಿತು. ಭಾಗೀರಥಕ್ಕ ಹೊಸ್ತಿಲಲ್ಲಿ ಕೂತು ನಮ್ಮಿಂದ ದೂರ ದೂರ ಹೋಗುತ್ತಾ, ತನ್ನ ಮುಂದೆ ಬಿಸಿಲು ಅಗಲವಾಗುವುದನ್ನೇ ನೋಡುತ್ತಿದ್ದಳು. ನಲವತ್ತಕ್ಕೆ ನಾನು ಕೈ ನಿಲ್ಲಿಸಿ ಅವಳ ಮುಖ ನೋಡಿದೆ. ಅವಳು ಸಾಕು ಅನ್ನಲಿಲ್ಲ.